ಸೊಂಟದಲ್ಲಿ ಚಾಕುವಿನ ಸಾಹೇಬರು

ದಾಂಡೇಲಿಯಿಂದ ಗಣೇಶಗುಡಿಯವರೆಗೆ ಹೋಂಸ್ಟೇ ಬೋರ್ಡುಗಳು ಎಷ್ಟಿವೆಯೋ, ಜಂಗಲ್ ಎಕ್ಸ್‌ಪರ್ಟುಗಳೂ ಹೆಚ್ಚುಕಡಿಮೆ ಅಷ್ಟೇ ಇದ್ದಾರೆ. ಗುರುತು ಹಿಡಿಯುವುದು ಸುಲಭ: ಮಿಲಿಟರಿ ಬಣ್ಣದ ಪ್ಯಾಂಟು, ಮೈತುಂಬ ಜೇಬಿನ ಅಂಗಿ, ಸೊಂಟದಲ್ಲಿ ಒರೆ ಸಮೇತ ಚಾಕು. ಮುಂಡಗೋಡದ ಟಿಬೇಟಿಯನ್ ಕ್ಯಾಂಪಿಗೆ ಮೊಮೊ ತಿನ್ನಲು ಹೋದಾಗಲೂ ಅದು ಸೊಂಟ ಬಿಟ್ಟು ಇಳಿಯುವುದಿಲ್ಲ.

ಅಂಥ ಒಬ್ಬ ಸಾಹೇಬರು ಅದನ್ನು ‘ಫಿಕ್ಸೆಡ್ ಬ್ಲೇಡ್’ ಅನ್ನುತ್ತಾರೆ. ಅಂದರೆ ಮಡಚಲು ಬಾರದ್ದು. ಆ ಲೆಕ್ಕದಲ್ಲಿ ನಮ್ಮ ಮನೆಯ ಮೆಟ್ಟುಗತ್ತಿಯೂ ಫಿಕ್ಸೆಡ್ ಬ್ಲೇಡೇ. ಸೊಂಟಕ್ಕೆ ಕಟ್ಟಲು ಬರುವುದಿಲ್ಲ, ಅಷ್ಟೆ.

ರಾತ್ರಿ ಬೆಂಕಿ ಹೊತ್ತಿತೆಂದರೆ ಬೆಂಗಳೂರಿನ ಅತಿಥಿಗಳ ಮುಂದೆ ಪ್ರವಚನ ಶುರು. “ಹಿಡಿಕೆಗೂ ಅಲಗಿಗೂ ನಡುವೆ ಈ ಅಡ್ಡಪಟ್ಟಿ ಇದೆಯಲ್ಲ, ಇದೇ ಫಿಂಗರ್ ಗಾರ್ಡ್. ಇದಿಲ್ಲದ ಚಾಕು ಬ್ರೇಕಿಲ್ಲದ ಬೈಕು. ಕೈ ಬೆವರಿತೋ, ಜಾರಿತೋ, ನಾಲ್ಕೂ ಬೆರಳು ಖಲಾಸ್!” ಅತಿಥಿಗಳು ತಮ್ಮ ಬೆರಳು ಎಣಿಸಿಕೊಳ್ಳುತ್ತಾರೆ. ಆಮೇಲೆ ಚಾಕು ಒರೆಯಿಂದ ಹೊರಬಂದು ಚಿಪ್ಸ್ ಪ್ಯಾಕೆಟ್ ಕತ್ತರಿಸಿ, ಗಂಭೀರವಾಗಿ ಒರೆಗೆ ಮರಳುತ್ತದೆ.

ಸಾಹೇಬರು ಹೇಳುವುದು ಪೂರ್ತಿ ಸುಳ್ಳಲ್ಲ. ಚುಚ್ಚುವಾಗ ಮೊನೆ ಗಟ್ಟಿ ವಸ್ತುವಿಗೆ ತಾಗಿ ತಟ್ಟನೆ ನಿಂತರೆ ಕೈ ಮುಂದಕ್ಕೆ ಜಾರುತ್ತದೆ. ಬಾಕು, ಬಯೊನೆಟ್ಟುಗಳಿಗೆ ಅಡ್ಡಪಟ್ಟಿ ಇರುವುದು ಅದಕ್ಕೇ. ಆದರೆ ಬೀಸಿ ಕಡಿಯುವಾಗ ಜಾರುವುದು ಕೈಯಲ್ಲ, ಕತ್ತಿ. ಅದು ಮುಷ್ಟಿಯಿಂದ ಆಚೆ ಹಾರಲು ನೋಡುತ್ತದೆ. ಆಗ ಬೇಕಾದದ್ದು ಹಿಡಿಕೆಯ ಹಿಂತುದಿಯಲ್ಲಿ ಒಂದು ಉಬ್ಬು. ಗೂರ್ಖಾಗಳ ಖುಕ್ರಿಗೆ ಅಡ್ಡಪಟ್ಟಿ ಇಲ್ಲ, ಕೊಡಗಿನ ಒಡಿಕತ್ತಿಗಿಲ್ಲ, ಫಿನ್ಲೆಂಡಿನವರ ಹಳೇ ಮಾದರಿಯ ಪೂಕ್ಕೊ ಚಾಕುವಿಗೂ ಇಲ್ಲ. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ಅದಕ್ಕೆ ಬಿದಿರು ಕಡಿದು ಹಾಕಿದವರು ಯಾವ ಗಾರ್ಡ್ ನೋಡಿದ್ದರೋ!

ಜೋಯಿಡಾದ ಗೆಡ್ಡೆಗೆಣಸು ಮೇಳದಲ್ಲಿ ಸಾಹೇಬರಿಗೆ ಕುಣಬಿ ಅಜ್ಜಿಯೊಬ್ಬರು ಸಿಕ್ಕರು. ಅಜ್ಜಿಯ ಸೊಂಟದ ಹಿಂದೆಯೂ ಒಂದು ಆಯುಧವಿತ್ತು, ಮರದ ಕೊಕ್ಕೆಗೆ ಸಿಕ್ಕಿಸಿದ ಕೊಯ್ತಾ. ಸಾಹೇಬರು ಸುಮ್ಮನಿರಬೇಕಲ್ಲ. “ಅಜ್ಜಿ, ಇದಕ್ಕ ಗಾರ್ಡ್ ಇಲ್ಲಲ್ಲ, ಬೆರಳು ಹೋಗ್ತಾವ!”

ಅಜ್ಜಿ ಸಾಹೇಬರ ಚಾಕುವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಸಾಹೇಬ್ರ, ಇದರಾಗ ಯಾರಿಗೆ ಚುಚ್ಚಾವ್ರು?”

ಉತ್ತರವಿರಲಿಲ್ಲ. ಅಜ್ಜಿ ಒಂದು ಸುವರ್ಣಗೆಡ್ಡೆ ಮುಂದಿಟ್ಟರು. ಸಿಪ್ಪೆ ತೆಗೆಯಲು ಬೆರಳನ್ನು ಅಲಗಿನ ಬುಡಕ್ಕೆ ತರಬೇಕು, ಗಾರ್ಡ್ ಬಿಡಲೊಲ್ಲದು. ಮಣೆಯ ಮೇಲಿಟ್ಟು ಹೆಚ್ಚೋಣವೆಂದರೆ ಅಲಗಿಗಿಂತ ಮೊದಲು ಗಾರ್ಡೇ ಮಣೆಗೆ ಬಡಿಯಿತು. ಗೆಡ್ಡೆ ಅರ್ಧವಾಗುವಷ್ಟರಲ್ಲಿ ಮೊಣಕೈತನಕ ತುರಿಕೆ. ಫಿಂಗರ್ ಗಾರ್ಡಿನಲ್ಲಿ ಅದಕ್ಕೆ ಏರ್ಪಾಡಿಲ್ಲ. ಅಜ್ಜಿ ಹುಣಸೆಹಣ್ಣು ಕೊಟ್ಟು ಕೈ ಉಜ್ಜಿಕೊಳ್ಳಲು ಹೇಳಿದರು.

ಸಾಹೇಬರು ಸೋಲುವವರಲ್ಲ. ಈ ಸೀಸನ್ನಿನ ಪ್ರವಚನ ಬೇರೆ: “ಗಾರ್ಡ್ ಇರೋದು ಹೊಸಬರಿಗೆ. ನಮ್ಮ ಕುಣಬಿ ಟೆಕ್ನಿಕ್ಕೇ ಬೇರೆ.” ಸೊಂಟದಲ್ಲೀಗ ಗಾರ್ಡಿಲ್ಲದ ಹೊಸ ಚಾಕು, ಕೊರಿಯರಿನಲ್ಲಿ ಬಂದದ್ದು. ಚಿಪ್ಸ್ ಪ್ಯಾಕೆಟ್ ಅದರಲ್ಲೂ ಚೆನ್ನಾಗಿಯೇ ಬಿಚ್ಚಿಕೊಳ್ಳುತ್ತದೆ. ಚರ್ಚೆ ಮಾತ್ರ ಉಕ್ಕಿನ ಕಡೆ ತಿರುಗಿದೆ, ಕಾರ್ಬನ್ನೋ ಸ್ಟೇನ್‌ಲೆಸ್ಸೋ ಎಂದು. ಅಜ್ಜಿಯ ಕೊಯ್ತಾ ಹಳಿಯಾಳದ ಕಮ್ಮಾರನೊಬ್ಬ ಲಾರಿಯ ಹಳೇ ಪಾಟಾ ಬಡಿದು ಮಾಡಿಕೊಟ್ಟದ್ದಂತೆ. ಅದು ಯಾವ ಕಂಪನಿಯ ಲಾರಿ, ಎಷ್ಟನೇ ಇಸವಿಯ ಮಾಡೆಲ್ ಎಂದು ಸಾಹೇಬರು ವಿಚಾರಿಸುತ್ತಿದ್ದಾರೆ.