ಗುಂಯ್‌ಗುಡುವ ಯಂತ್ರದ ಸಹವಾಸ

ಟೈಪ್‌ರೈಟರ್ ಎಂದ ಕೂಡಲೇ ಜನರ ಮುಖ ಅರಳುತ್ತದೆ. ಎಲೆಕ್ಟ್ರಿಕ್ ಟೈಪ್‌ರೈಟರ್ ಎಂದರೆ ಅರಳಿದ್ದು ಅರ್ಧಕ್ಕೇ ಬಾಡುತ್ತದೆ. ಕೈಯಲ್ಲಿ ಕುಟ್ಟುವ ರೆಮಿಂಗ್ಟನ್, ಹಾಲ್ಡಾ, ಗೋದ್ರೆಜ್‌ಗಳಿಗೆ ಸಿನಿಮಾದಲ್ಲಿ ಪಾತ್ರ ಸಿಗುತ್ತದೆ, ದುಬಾರಿ ಕಾಫಿ ಅಂಗಡಿಯ ಕಪಾಟಿನಲ್ಲಿ ಜಾಗ ಸಿಗುತ್ತದೆ. ನಮ್ಮೂರ ಟೈಪಿಂಗ್ ಇನ್ಸ್‌ಟಿಟ್ಯೂಟಿನಲ್ಲಿ ‘ಎ ಎಸ್ ಡಿ ಎಫ್’ ಕುಟ್ಟಿ ಜೂನಿಯರ್, ಸೀನಿಯರ್ ಪಾಸು ಮಾಡಿದವರಂತೂ ಆ ಸದ್ದು ನೆನೆದರೆ ಈಗಲೂ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಕಂಪ್ಯೂಟರಿನ ವೈಭವ ಹೇಳುವುದೇ ಬೇಡ. ಇವೆರಡರ ಮಧ್ಯೆ ಹುಟ್ಟಿದ ಎಲೆಕ್ಟ್ರಿಕ್ ಯಂತ್ರದ್ದು ಮಾತ್ರ ನಡುವಿನ ಮಗನ ಪಾಡು. ಹಿರಿಯನಿಗೆ ಮರ್ಯಾದೆ, ಕಿರಿಯನಿಗೆ ಮುದ್ದು, ಇವನಿಗೆ ಅಣ್ಣನ ಹಳೇ ಅಂಗಿ. ನಾನೂ ನಡುವಿನವನೇ ಆದ್ದರಿಂದ ಈ ಬರಹದಲ್ಲಿ ಸ್ವಲ್ಪ ಪಕ್ಷಪಾತ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನಿರುವುದು ಅಮೆರಿಕದ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ. ಲೋಕಕ್ಕೆ ಇದು ರೇಸ್ ಕುದುರೆಗಳ ಊರು. ನನ್ನಂಥ ಕೆಲವರಿಗೆ ಮಾತ್ರ ಐಬಿಎಂ ಸೆಲೆಕ್ಟ್ರಿಕ್ ಎಂಬ ಎಲೆಕ್ಟ್ರಿಕ್ ಟೈಪ್‌ರೈಟರಿನ ತವರು. 1961ರಲ್ಲಿ ಮಾರುಕಟ್ಟೆಗೆ ಬಂದ ಆ ಯಂತ್ರ ಇಲ್ಲಿನ ಕಾರ್ಖಾನೆಯಲ್ಲೇ ತಯಾರಾಗುತ್ತಿತ್ತು. 1991ರಲ್ಲಿ ಐಬಿಎಂ ತನ್ನ ಟೈಪ್‌ರೈಟರ್, ಪ್ರಿಂಟರ್ ವ್ಯವಹಾರವನ್ನು ಕೈಬಿಟ್ಟಾಗ ಅದೇ ಲೆಕ್ಸ್‌ಮಾರ್ಕ್ ಕಂಪನಿಯಾಯಿತು. ಹೀಗಾಗಿ ಇಲ್ಲಿ ಶನಿವಾರದ ಗರಾಜ್ ಸೇಲ್‌ಗಳಲ್ಲಿ ಬಣ್ಣಗೆಟ್ಟ ಸೋಫಾ, ಹುಲ್ಲು ಕತ್ತರಿಸುವ ಯಂತ್ರಗಳ ಪಕ್ಕ ಒಂದಲ್ಲ ಒಂದು ಸೆಲೆಕ್ಟ್ರಿಕ್ ಕೂತಿರುತ್ತದೆ. ಹದಿನೈದು ಕಿಲೋ ಮೀರಿದ ಅದನ್ನು ಮತ್ತೆ ಮನೆಯೊಳಕ್ಕೆ ಹೊರುವುದು ಮಾರುವ ಅಜ್ಜನಿಗೂ ಬೇಡ. ಚೌಕಾಸಿ ಸುಲಭ.

‘ರೀ, ಇದು ಯಾಕೆ ಮತ್ತೆ?’ ಎಂದಳು ನನ್ನವಳು, ಕಾರಿನ ಡಿಕ್ಕಿ ತೆರೆದು.

‘ಮೊದಲಿನದಕ್ಕೆ ಬಿಡಿಭಾಗ ಬೇಕಲ್ಲ.’

‘ಮೊದಲಿನದನ್ನು ತಂದಾಗ ಅದರ ಮೊದಲಿನದಕ್ಕೆ ಬಿಡಿಭಾಗ ಅಂದಿರಿ.’

ಇದು ಸುಳ್ಳಲ್ಲ. ಸಂಗ್ರಹಕಾರರ ಗಣಿತವೇ ಹಾಗೆ. ಬಿಡಿಭಾಗಕ್ಕೆಂದು ತಂದದ್ದು ನೋಡಿದರೆ ಮೊದಲಿನದಕ್ಕಿಂತ ಚೆನ್ನಾಗಿರುತ್ತದೆ. ಅದನ್ನು ಬಿಚ್ಚಲು ಮನಸ್ಸು ಬರುವುದಿಲ್ಲ, ಅದನ್ನೇ ರಿಪೇರಿ ಮಾಡೋಣ ಅನಿಸುತ್ತದೆ. ಆಗ ಅದಕ್ಕೂ ಬಿಡಿಭಾಗ ಬೇಕಲ್ಲ!

ಸೆಲೆಕ್ಟ್ರಿಕ್‌ನ ಹೊರಮೈ ವಿನ್ಯಾಸ ಎಲಿಯಟ್ ನಾಯ್ಸ್ ಎಂಬಾತನದು. ಹಳೆಯ ಟೈಪ್‌ರೈಟರ್‌ಗಳಂತೆ ಇದರಲ್ಲಿ ಕ್ಯಾರೇಜು ಅತ್ತಿಂದಿತ್ತ ಓಡುವುದಿಲ್ಲ, ಪಕ್ಕದಲ್ಲಿಟ್ಟ ಚಹಾ ಲೋಟ ಉರುಳಿಸುವುದೂ ಇಲ್ಲ. ಕಾಗದ ಇದ್ದಲ್ಲೇ ಇರುತ್ತದೆ. ಗಾಲ್ಫ್ ಚೆಂಡಿನಷ್ಟು ದೊಡ್ಡದೊಂದು ಗುಂಡು ಸಾಲಿನುದ್ದಕ್ಕೂ ಸರಿಯುತ್ತ ಹೋಗುತ್ತದೆ. ಗುಂಡಿನ ಮೇಲೆ ನಾಲ್ಕು ಸಾಲು, ಸಾಲಿಗೆ 22, ಒಟ್ಟು 88 ಅಕ್ಷರ ಮತ್ತು ಚಿಹ್ನೆ. ಒಂದು ಬದಿಗೆ ಸಣ್ಣಕ್ಷರ, ಇನ್ನೊಂದು ಬದಿಗೆ ದೊಡ್ಡಕ್ಷರ. ಶಿಫ್ಟ್ ಒತ್ತಿದರೆ ಗುಂಡು ಗಿರ್ರನೆ ಅರ್ಧ ಸುತ್ತು ತಿರುಗುತ್ತದೆ. ಅಚ್ಚಿನ ಶೈಲಿ ಬದಲಾಗಬೇಕೆ? ಗುಂಡು ಕಿತ್ತು ಇನ್ನೊಂದು ಕೂರಿಸಿದರಾಯಿತು.

ಮುಚ್ಚಳ ತೆಗೆದು ಒಳಗಿಣುಕಿದರೆ ಗಂಟೆಗಟ್ಟಲೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಒಂದೊಂದು ಕೀಲಿಯ ಕೆಳಗೂ ಒಂದು ಉಕ್ಕಿನ ಪಟ್ಟಿ. ಪಟ್ಟಿಗೆ ಸಣ್ಣ ಸಣ್ಣ ಹಲ್ಲು. ಯಾವ ಕೀಲಿಗೆ ಯಾವ ಹಲ್ಲು ಇದೆ, ಯಾವುದು ಇಲ್ಲ ಎನ್ನುವುದೇ ಆ ಅಕ್ಷರದ ಸಂಕೇತ. ಹಲ್ಲುಗಳು ಕೊಕ್ಕೆಗಳನ್ನು ಸರಿಸುತ್ತವೆ, ಕೊಕ್ಕೆಗಳು ಸನ್ನೆಕೋಲುಗಳನ್ನು ಎಳೆಯುತ್ತವೆ, ಸನ್ನೆಕೋಲುಗಳೆಲ್ಲ ತಮ್ಮ ಎಳೆತವನ್ನು ಕೂಡಿಸಿ ಲೆಕ್ಕ ಹಾಕಿ ಎರಡು ತೆಳು ಉಕ್ಕಿನ ಪಟ್ಟಿಗಳಿಗೆ ದಾಟಿಸುತ್ತವೆ. ಒಂದು ಪಟ್ಟಿ ಗುಂಡನ್ನು ಬಾಗಿಸುತ್ತದೆ, ಇನ್ನೊಂದು ತಿರುಗಿಸುತ್ತದೆ. ಚಿಪ್ಪಿಲ್ಲ, ಟ್ರಾನ್ಸಿಸ್ಟರಿಲ್ಲ. ವಿದ್ಯುತ್ತಿನ ಕೆಲಸ ಒಂದು ಮೋಟಾರು ತಿರುಗಿಸುವುದಷ್ಟೇ, ಲೆಕ್ಕವೆಲ್ಲ ಕಬ್ಬಿಣದ್ದು.

ಈ ಹಲ್ಲು-ಕೊಕ್ಕೆಗಳ ಓಡಾಟ ತಿಳಿದರೆ ಬರೆದದ್ದನ್ನೂ ಓದಬಹುದು ಎಂದು ಮೊದಲು ಹೊಳೆದದ್ದು ಸೋವಿಯತ್ ಗೂಢಚಾರರಿಗೆ. ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯ ಸೆಲೆಕ್ಟ್ರಿಕ್‌ಗಳೊಳಗಿನ ಒಂದು ಲೋಹದ ಪಟ್ಟಿಯನ್ನು ಟೊಳ್ಳು ಮಾಡಿ ಅವರು ಕದ್ದು ಓದುವ ಉಪಕರಣ ಅಡಗಿಸಿದ್ದರು. ಯಾವ ಅಕ್ಷರ ಒತ್ತಿದರು ಎನ್ನುವುದು ಅಲ್ಲಿಂದ ರೇಡಿಯೋದಲ್ಲಿ ಹೊರಟುಹೋಗುತ್ತಿತ್ತು. 1984ರಲ್ಲಿ ಕಚೇರಿಯ ಎಲೆಕ್ಟ್ರಿಕ್ ಉಪಕರಣಗಳನ್ನು ಅಮೆರಿಕಕ್ಕೆ ಸಾಗಿಸಿ ಎಕ್ಸ್‌ರೇ ತೆಗೆದಾಗ 16 ಟೈಪ್‌ರೈಟರ್‌ಗಳು ಸಿಕ್ಕಿಬಿದ್ದವು. ಆ ಕೆಲಸ ಮಾಡಿದ ಸೋವಿಯತ್ ಮೆಕ್ಯಾನಿಕ್ಕಿನ ಕೈಚಳಕಕ್ಕೆ, ರಾಜಕೀಯ ಬದಿಗಿಟ್ಟು, ನನ್ನದೊಂದು ನಮಸ್ಕಾರ. ನನಗೆ ಒಂದು ಸ್ಪ್ರಿಂಗ್ ವಾಪಸ್ಸು ಕೂರಿಸುವಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ.

ರಿಪೇರಿ ಎಂದರೆ ಏನೋ ಘನವಾದದ್ದು ಎಂದುಕೊಳ್ಳಬೇಡಿ. ಮುಕ್ಕಾಲು ಪಾಲು ತೊಳೆಯುವ ಕೆಲಸ. ಎಷ್ಟೋ ವರ್ಷ ಅಟ್ಟದ ಮೇಲೆ ಬಿದ್ದಿದ್ದ ಯಂತ್ರದಲ್ಲಿ ಎಣ್ಣೆ, ಗ್ರೀಸು ಒಣಗಿ ಗೋಂದಾಗಿ, ಓಡಾಡಬೇಕಾದದ್ದೆಲ್ಲ ಕಚ್ಚಿಕೊಂಡಿರುತ್ತದೆ. ಅದನ್ನು ಕರಗಿಸಿ, ಒರೆಸಿ, ಹೊಸ ಎಣ್ಣೆ ಹನಿಹನಿಯಾಗಿ ಬಿಡಬೇಕು. ಅಷ್ಟಾದ ಮೇಲೂ ಮೋಟಾರು ತಿರುಗುತ್ತದೆ, ಅಕ್ಷರ ಮಾತ್ರ ಬೀಳುವುದಿಲ್ಲ ಎಂದರೆ ಕೈ ನೇರವಾಗಿ ಸೈಕಲ್ ಕ್ಲಚ್ಚಿನ ಪುಲ್ಲಿಗೆ ಹೋಗಬೇಕು. ಅದರ ಪ್ಲಾಸ್ಟಿಕ್ ಹಬ್ಬು ವಯಸ್ಸಾಗಿ ಸೀಳುವುದು ಈ ಯಂತ್ರದ ಮನೆತನದ ಕಾಯಿಲೆ. ಆ ಭಾಗ ಐಬಿಎಂನಿಂದ ಬರುವ ಕಾಲ ಮುಗಿದಿದೆ. ಈಗ ಹವ್ಯಾಸಿಗಳೇ ತ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಳ್ಳುತ್ತಾರೆ. ಟೈಪ್‌ರೈಟರನ್ನು ಮೂಲೆಗೆ ತಳ್ಳಿದ ಕಂಪ್ಯೂಟರ್ ಇಷ್ಟಾದರೂ ಪ್ರಾಯಶ್ಚಿತ್ತ ಮಾಡಿಕೊಂಡಿತಲ್ಲ ಎಂದು ಸಮಾಧಾನ.

ಮೈಸೂರಿನಿಂದ ತಮ್ಮ ಫೋನು ಮಾಡಿದಾಗಲೆಲ್ಲ ‘ನನಗೂ ಒಂದು ತಾರೋ ಅಣ್ಣ’ ಎನ್ನುತ್ತಾನೆ. ಸೂಟ್‌ಕೇಸಿಗೆ ಸಿಗುವುದು 23 ಕಿಲೋ. ಯಂತ್ರ ತುಂಬಿದರೆ ಉಳಿಯುವ ಜಾಗದಲ್ಲಿ ಅತ್ತಿಗೆಯ ತವರಿನವರಿಗೆಲ್ಲ ಚಾಕಲೇಟು ಹಿಡಿಯಬೇಕು. ಅದೂ ಹೋಗಲಿ, ಇಲ್ಲಿಯದು 115 ವೋಲ್ಟಿನ ಮೋಟಾರು. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜು ಇಳಿಸಬಹುದು, ಆದರೆ ಇಲ್ಲಿ ಕರೆಂಟು 60 ಸೈಕಲ್, ಅಲ್ಲಿ 50. ಮೋಟಾರು ಆರರಲ್ಲೊಂದು ಪಾಲು ನಿಧಾನವಾಗುತ್ತದೆ. ‘ಪರವಾಗಿಲ್ಲ ಬಿಡೋ, ಮೈಸೂರಿಗೆ ಅದೇ ಸರಿಯಾದ ವೇಗ’ ಎನ್ನುತ್ತಾನೆ ಅವನು.

ಇನ್ನು ಆ ಗುಂಯ್‌ಗುಡುವಿಕೆ. ಕೈ ಟೈಪ್‌ರೈಟರ್ ನೀವು ಕುಟ್ಟದಿದ್ದರೆ ಸುಮ್ಮನಿರುತ್ತದೆ. ಇದು ಹಾಗಲ್ಲ; ಸ್ವಿಚ್ಚು ಹಾಕಿದ ಗಳಿಗೆಯಿಂದ ಗುಂಯ್ ಎನ್ನುತ್ತಲೇ ಇರುತ್ತದೆ, ಮುಂದಿನ ವಾಕ್ಯ ಎಲ್ಲಿ ಎಂದು ಕೇಳುತ್ತಲೇ ಇರುತ್ತದೆ. ಬರೆಯಲು ಕೂತು ಕಿಟಕಿಯಾಚೆ ನೋಡುವ ಚಟ ಇದ್ದವರಿಗೆ ಇದು ಹೇಳಿದ್ದಲ್ಲ. ನನಗೆ ಆ ಚಟ ಇದೆ. ಅದಕ್ಕೇ ಇರಬೇಕು, ನಾನು ಯಂತ್ರ ರಿಪೇರಿ ಮಾಡಿದಷ್ಟು ಅದರಲ್ಲಿ ಬರೆದಿಲ್ಲ.

ನಿಮ್ಮ ಮಾವನ ಅಟ್ಟದಲ್ಲೋ ಆಫೀಸಿನ ಉಗ್ರಾಣದಲ್ಲೋ ಇಂಥದ್ದೊಂದಿದ್ದರೆ ಗುಜರಿಯವನನ್ನು ಕೂಗುವ ಮೊದಲು ಒಮ್ಮೆ ಮುಚ್ಚಳ ತೆಗೆದು ನೋಡಿ. ಕುತೂಹಲಕ್ಕೆಂದು ತಕ್ಷಣ ಪ್ಲಗ್ಗು ಚುಚ್ಚಬೇಡಿ. ವೋಲ್ಟೇಜು, ಸೈಕಲ್ ಎಷ್ಟೆಂದು ಮೊದಲು ಓದಿ, ವೈರು ಇಲಿ ಕಡಿದಿದೆಯೇ ನೋಡಿ, ಒಳಗಿನ ಗೋಂದು ಬಿಡಿಸಿ. ಮುಖ್ಯವಾಗಿ, ಗುಂಡೊಂದನ್ನೇ ಕಿತ್ತುಕೊಂಡು ಕೀಚೈನು ಮಾಡಿಸಬೇಡಿ. ಗುಂಡಿಲ್ಲದ ಸೆಲೆಕ್ಟ್ರಿಕ್ಕನ್ನು ಯಾರೂ ಕೊಳ್ಳುವುದಿಲ್ಲ, ನನ್ನಂಥವರನ್ನು ಬಿಟ್ಟು.