ಅಜ್ಜಾರು ಹೋಗ್ಯಾರ

ಧಾರವಾಡದ ಮಾಳಮಡ್ಡಿಯಲ್ಲಿ ಮನೆ ಬಾಡಿಗೆಗೆ ಹಿಡಿಯುವ ಹೊರಗಿನವರಿಗೆ ನಳಕ್ಕೆ ನೀರು ಯಾವಾಗ ಬರುತ್ತದೆ, ಹಾಲು ಎಲ್ಲಿ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇಲ್ಲಿಯ ಭೂತಕಾಲದ ಬಗ್ಗೆ ಮಾತ್ರ ಯಾರೂ ಎಚ್ಚರಿಸುವುದಿಲ್ಲ. ಎಚ್ಚರಿಸಬೇಕು, ಅದು ಜೀವದ ಪ್ರಶ್ನೆ.

ನಮ್ಮ ಓಣಿಯ ಅಜ್ಜಾರ ಮಾಳಿಗೆ ಮನೆಗೆ ಮಂಡ್ಯದ ಕಡೆಯ ಹುಡುಗನೊಬ್ಬ ಬಂದ. ಬ್ಯಾಂಕಿನಲ್ಲಿ ನೌಕರಿ, ಒಳ್ಳೆಯ ಹುಡುಗ. ಒಂದು ಗುರುವಾರ ಸಂಜೆ ಅಜ್ಜಾರು ರಾಯರ ಮಠಕ್ಕೆ ಹೋಗಿದ್ದಾಗ ಅವರ ಹಳೆಯ ಗೆಳೆಯರೊಬ್ಬರು ಬಾಳೆಹಣ್ಣಿನ ಚೀಲ ಹಿಡಿದುಕೊಂಡು ಹುಬ್ಬಳ್ಳಿಯಿಂದ ಬಂದರು. ಹುಡುಗ ಮೇಲಿನಿಂದಲೇ ಇಣುಕಿ, "ಅಜ್ಜ ಹೋದ್ರು ಸಾರ್, ಈಗಷ್ಟೇ" ಎಂದ. ಬಂದವರು ಕಟ್ಟೆಯ ಮೇಲೆ ಕುಸಿದು ಕೂತರು.

"ಹೆಂಗಪಾ? ಆರಾಮ ಇದ್ದನಲ್ಲ?"

"ಆರಾಮಾಗೇ ಇದ್ರು ಸಾರ್. ಕಾಫಿ ಕುಡಿದ್ರು, ಹೋದ್ರು."

"ಯಾರಿಗೂ ತ್ರಾಸ ಕೊಡಲಿಲ್ಲ, ಪುಣ್ಯವಂತ" ಎಂದು ಅವರು ಕಣ್ಣೊರೆಸಿಕೊಂಡರು. "ಅಜ್ಜಿ ಎಲ್ಲಿದ್ದಾರ?"

"ಅವರೂ ಜೊತೇಲೇ ಹೋದ್ರು ಸಾರ್."

ಅರ್ಧ ತಾಸಿನ ಮೇಲೆ ಪುಣ್ಯದಂಪತಿಗಳು ಮಂತ್ರಾಕ್ಷತೆ ಸಮೇತ ಗೇಟು ತೆಗೆದು ಒಳಗೆ ಬಂದಾಗ ಕಟ್ಟೆಯ ಮೇಲೆ ಓಣಿಯ ನಾಲ್ಕು ಮಂದಿ ಕೂಡಿದ್ದರು. "ಯಾಕ್ರೋ, ಯಾರು ಹೋದ್ರು?" ಎಂದು ಅಜ್ಜಾರು ಕೇಳಿದರು. ಉತ್ತರ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ನಮ್ಮಲ್ಲಿ ತಿರುಗಿ ಬರುವವರು 'ಹೋಗ್ಯಾರ'. ಎಲ್ಲಿಗೆ ಎಂದು ಹೇಳದೆ ಬರೀ 'ಹೋದ್ರು' ಎಂದರೆ ಮುಗಿಯಿತು, ಹಾರ ತರಬೇಕು. ಹುಡುಗ ತನ್ನೂರಿನಂತೆ 'ಹೋಗಿದ್ದಾರೆ' ಎಂದಿದ್ದರೂ ನಡೆಯುತ್ತಿತ್ತು. ಅವಸರದಲ್ಲಿ ಕೈಗೆ ಸಿಕ್ಕ ಭೂತಕಾಲ ಎಸೆದ.

ಅವನಿಗೂ ಏಟು ಬೀಳದೆ ಇರಲಿಲ್ಲ. ಬ್ಯಾಂಕಿನ ಜವಾನ ಒಂದು ಮುಂಜಾನೆ "ದೊಡ್ಡ ಸಾಹೇಬ್ರು ಬಂದಾರ್ರಿ" ಎಂದು ಹೇಳಿಹೋದ. ಹುಡುಗ ಶಾಲೆಯಲ್ಲಿ ವ್ಯಾಕರಣ ಚೆನ್ನಾಗಿ ಓದಿದವನು: ಬಂದಾನು, ಬಂದಾಳು, ಬಂದಾರು, ಸಂಭಾವನಾರ್ಥಕ. ಬಂದರೂ ಬರಬಹುದು, ಬರದೆಯೂ ಇರಬಹುದು. ಬರುವುದರೊಳಗೆ ಒಂದು ಚಹಾ ಆಗಲಿ ಎಂದು ಹೊರಬಿದ್ದ. ಸಾಹೇಬರು ಅವನದೇ ಕುರ್ಚಿಯಲ್ಲಿ ಕೂತು ಅವನ ದಾರಿ ಕಾಯುತ್ತಿದ್ದರು. ಪುಸ್ತಕದ ಕನ್ನಡದಲ್ಲಿ ಇನ್ನೂ ಬರಬೇಕಾದವರು ಧಾರವಾಡದ ಕನ್ನಡದಲ್ಲಿ ಬಂದು ಕೂತಿರುತ್ತಾರೆ. ನಡುವೆ ಇರುವುದು ಒಂದು ಕೊಂಬು.

ಇಷ್ಟರಲ್ಲಿ ಅಜ್ಜಾರ ಮೊಮ್ಮಗಳು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಬಂದಳು. ಅವಳ ಕಂಪನಿಗೆ ಮೆಕ್ಸಿಕೋದ ಗಿರಾಕಿಗಳು ಸಿಕ್ಕಿದ್ದರಿಂದ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಳು. ಭೂತಕಾಲಕ್ಕೆ ಬಂದು ತಲೆ ಹಿಡಿದುಕೊಂಡು ಕೂತಳು. "ಅಜ್ಜಾ, ಊಟಾ ಮಾಡಿದ್ದನ್ನ ಇವರು ನಾಕು ನಮೂನಿ ಹೇಳತಾರ. ಕೊಮಿ, ಕೊಮಿಯಾ, ಎ ಕೊಮಿದೊ, ಅಬಿಯಾ ಕೊಮಿದೊ. ಯಾವುದು ಎಲ್ಲೆ ಅಂತ ತಿಳೀವಲ್ತು."

ಅಜ್ಜಾರು ಕನ್ನಡ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಒಂದೊಂದರ ಅರ್ಥ ಕೇಳಿಕೊಂಡು, ಬೆರಳು ಮಡಚುತ್ತ ಹೇಳಿದರು: "ಉಂಡೆ, ಉಣತಿದ್ದೆ, ಉಂಡೇನಿ, ಉಂಡಿದ್ದೆ. ಇದಕ್ಯಾಕ ಮೊಬೈಲ್ ಬೇಕು? ಅಡಿಗಿಮನಿಗೆ ಹೋಗಿ ಕೂಡು."

ಒಮ್ಮೆ ನಡೆದು ಮುಗಿದದ್ದಕ್ಕೆ 'ಕೊಮಿ', ಉಂಡೆ. ದಿನಾ ನಡೆಯುತ್ತಿದ್ದದ್ದಕ್ಕೆ, ಅಥವಾ ಇನ್ನೊಂದೇನೋ ಆದಾಗ ನಡೆದಿದ್ದದ್ದಕ್ಕೆ 'ಕೊಮಿಯಾ': ಉಣತಿದ್ದೆ, ಅಷ್ಟರಾಗ ಕರೆಂಟ್ ಹೋತು. ಸ್ಪೇನಿನ ಬಹಳಷ್ಟು ಕಡೆ ಇವತ್ತು ಉಂಡದ್ದು 'ಎ ಕೊಮಿದೊ', ನಿನ್ನೆ ಉಂಡದ್ದು 'ಕೊಮಿ'. ರಾತ್ರಿ ನಿದ್ದೆ ಮಾಡಿ ಎದ್ದರೆ ಕ್ರಿಯಾಪದ ಬದಲಾಗಿರುತ್ತದೆ. ಆದರೆ ಮೆಕ್ಸಿಕೋದವರು ಈ ಉಸಾಬರಿಗೆ ಹೋಗದೆ, ಈಗ ತಾನೇ ಕೈ ತೊಳೆದು ಎದ್ದಿದ್ದರೂ 'ಕೊಮಿ' ಅನ್ನುತ್ತಾರೆ. "ಅಂದ್ರ ಅವರೊಳಗೂ ಧಾರವಾಡ-ಮಂಡ್ಯ ಅದ" ಎಂದು ಅಜ್ಜಾರು ಮಾಳಿಗೆಯ ಕಡೆ ನೋಡಿದರು.

ಆಂದ್ರೆಸ್ ಬೆಲ್ಲೊ ಎಂಬ ಪಂಡಿತ 1847ರಲ್ಲಿ ಚಿಲಿ ದೇಶದಲ್ಲಿ ಕೂತು ಅಮೆರಿಕದ ಸ್ಪ್ಯಾನಿಷ್ ಮಂದಿಗಾಗಿಯೇ ಒಂದು ವ್ಯಾಕರಣ ಬರೆದು ಈ ಕಾಲಗಳಿಗೆಲ್ಲ ಹೊಸದಾಗಿ ನಾಮಕರಣ ಮಾಡಿದ. 'ಎ ಕೊಮಿದೊ'ಗೆ ಅವನಿಟ್ಟ ಹೆಸರು ಪೂರ್ವವರ್ತಮಾನ ಎಂಬರ್ಥದ್ದು. ಇದನ್ನು ಕೇಳಿದ ಮೇಲೆ ಅಜ್ಜಾರಿಗೆ ಕೇಶಿರಾಜನ ಮೇಲೆ ಸ್ವಲ್ಪ ಮುನಿಸು ಬಂದಿದೆ. ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಭೂತಕಾಲಕ್ಕೆ ಒಂದು 'ದ' ಕೊಟ್ಟು ಕೈ ತೊಳೆದುಕೊಂಡ ಎಂದು ಅವರ ತಕರಾರು. "ಮಾಳಮಡ್ಡಿಗೆ ಬಂದಿದ್ರ ತಿಳೀತಿತ್ತು ಅವಗ."

ಬಂದಿದ್ದರೆ ನಮ್ಮ ಕಟ್ಟೆಗಳ ಮೇಲೆ ನಡೆಯುವ ಬಡ್ತಿಯನ್ನೂ ನೋಡುತ್ತಿದ್ದ. ಒಮ್ಮೆ ಆದದ್ದಕ್ಕೆ ಇಲ್ಲಿ ಹತ್ತು ವರ್ಷಕ್ಕೆ ಬಡ್ತಿ ಸಿಗುತ್ತದೆ. 'ಬಂದ್ರು' ಇದ್ದದ್ದು 'ಬಂದಿದ್ರು' ಆಗುತ್ತದೆ, ಎದುರಿಗೆ ಸಾಕ್ಷಿ ಹೇಳುವವರು ತೀರಿಕೊಂಡ ಮೇಲೆ 'ಬರತಿದ್ರು' ಆಗುತ್ತದೆ. ಈ ಲೆಕ್ಕದಲ್ಲಿ ಬೇಂದ್ರೆಯವರು ಬಂದು ಕೂಡದ ಕಟ್ಟೆ ಧಾರವಾಡದಲ್ಲಿಲ್ಲ. ಸಾಧನಕೇರಿಯಿಂದ ಹೊರಟ ಮನುಷ್ಯ ಅಷ್ಟೂ ಮನೆಗಳ ಚಹಾ ಕುಡಿದಿದ್ದರೆ ಬರೆಯಲು ಹೊತ್ತು ಎಲ್ಲಿತ್ತೋ! ಅಜ್ಜಾರೇ ಒಮ್ಮೆ, "ಐವತ್ತನೇ ಇಸವಿಯೊಳಗ ನಮ್ಮ ಮನಿಗೆ ದಿನಾ ಬರತಿದ್ರು" ಎಂದರು. 1944ರಿಂದ 1956ರ ತನಕ ಬೇಂದ್ರೆಯವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು ಎಂದು ನಾನು ಮೆಲ್ಲಗೆ ನೆನಪಿಸಿದೆ. ಅಜ್ಜಾರು ಕಣ್ಣು ಸಹ ಮಿಟುಕಿಸಲಿಲ್ಲ. "ಸೂಟಿಯೊಳಗ ಬರತಿದ್ರು."

ಸ್ಪ್ಯಾನಿಷ್‌ನವರೂ ತಮ್ಮ ಬಾಲ್ಯವನ್ನೆಲ್ಲ ಈ 'ಕೊಮಿಯಾ' ಜಾತಿಯ ಕಾಲದಲ್ಲೇ ಹೇಳಿಕೊಳ್ಳುತ್ತಾರಂತೆ. ಕಟ್ಟೆಗಳು ಅಲ್ಲಿಯೂ ಇರಬೇಕು.

ಮೊಮ್ಮಗಳು ಇನ್ನೂ ಕಲಿಯದ ಒಂದು ಭೂತಕಾಲ ನಮ್ಮಲ್ಲಿದೆ, ಇನ್ನೂ ಆಗದೆ ಇರುವುದರ ಭೂತಕಾಲ. ನಳ ರಿಪೇರಿಯವನು ಮನೆಯಿಂದ ಹೊರಡುವ ಮೊದಲೇ ಫೋನಿನಲ್ಲಿ "ಬಂದೆರಿ, ಬಂದೆ" ಅನ್ನುತ್ತಾನೆ. ಸ್ಟೇಷನ್ನಿನಲ್ಲಿ "ಗಾಡಿ ಬಂತು, ಬಂತು" ಎಂದು ಎಲ್ಲರೂ ಸಾಮಾನು ಎತ್ತಿಕೊಂಡು ನಿಲ್ಲುತ್ತಾರೆ. ಗಾಡಿ ಇನ್ನೂ ನವಲೂರಿನಲ್ಲಿರುತ್ತದೆ. ಸುಳ್ಳು ಅನ್ನುವಂತಿಲ್ಲ, ಅದೊಂದು ಆಶ್ವಾಸನೆ. ಮೆಕ್ಸಿಕೋದವರಿಗೆ ಕೆಲಸ ಇನ್ನೂ ಅರ್ಧ ಉಳಿದಿರುವಾಗ "ಮುಗೀತು" ಎಂದು ಬರೆದು ಮೊಮ್ಮಗಳು ಬೈಸಿಕೊಂಡದ್ದು ಈ ಕಾಲದ ಬಲದ ಮೇಲೆಯೇ.

ಆದರೆ ಕಾಲ ಆರಿಸುವುದನ್ನು ನೋಡಬೇಕಾದರೆ ಸಕ್ಕರೆ ಕಾಯಿಲೆಯವರನ್ನು ನೋಡಬೇಕು. ಮೊನ್ನೆ ಲೈನ್ ಬಜಾರಿನಿಂದ ಒಂದು ಡಬ್ಬಿ ಪೇಢೆ ಬಂದಿತ್ತು, ಮೊಮ್ಮಗಳು ಬೆಂಗಳೂರಿಗೆ ಒಯ್ಯಲೆಂದು ತರಿಸಿದ್ದು. ಅಜ್ಜಿ ಒಳಗಿನಿಂದ ಬಂದು ಅಜ್ಜಾರ ಮುಖ ನೋಡಿದರು. ಬಿಳಿ ಮೀಸೆಯ ಎಡತುದಿಗೆ ಕಂದು ಬಣ್ಣದ ಒಂದು ಕಣ, ಅದರ ಸುತ್ತ ನಾಲ್ಕು ಸಕ್ಕರೆ ಹರಳು.

"ಪೇಢೆ ತಿಂದೀರೇನ್ರಿ?"

ಅಜ್ಜಾರು ವಿಚಾರ ಮಾಡಿದರು. 'ತಿಂದೆ' ಎಂದರೆ ತಪ್ಪೊಪ್ಪಿಗೆ. 'ತಿಂದೇನಿ' ಎಂದರೆ ಪೇಢೆ ಇನ್ನೂ ಹೊಟ್ಟೆಯಲ್ಲಿದೆ, ನಾಳೆ ಮುಂಜಾನೆ ರಕ್ತ ಪರೀಕ್ಷೆ. 'ತಿಂದಿದ್ದೆ' ಎಂದರೆ ಯಾವಾಗ ಎಂಬ ಪ್ರಶ್ನೆ ಏಳುತ್ತದೆ.

"ತಿಂತಿದ್ದೆ" ಎಂದರು ಕಡೆಗೆ. "ಮೊದಲ."

"ಮೀಸಿ ಒರಸಿಕೋರಿ. ಡಬ್ಬಿಯೊಳಗ ಎಷ್ಟವ?"

"ಇದ್ದುವು" ಎಂದರು ಅಜ್ಜಾರು.