ಭದ್ರಾವತಿ ಯಾವ ಕಡೆ?

ನಮ್ಮ ಮನೆಯಲ್ಲಿ ಹನ್ನೊಂದು ರೇಡಿಯೋಗಳಿವೆ. ಮಾತಾಡುವುದು ಎರಡು. ಮರ್ಫಿ, ಬುಷ್, ನೆಲ್ಕೊ, ಚರ್ಮದ ಅಂಗಿ ತೊಟ್ಟ ಮೂರು ಫಿಲಿಪ್ಸ್ ಸೇರಿ ಉಳಿದವೆಲ್ಲ ಅಟ್ಟದ ಮೇಲೆ ಮೌನವ್ರತದಲ್ಲಿವೆ. ‘ಹಾಡೆಲ್ಲ ಮೊಬೈಲಲ್ಲೇ ಬರುತ್ತಲ್ಲ’ ಎನ್ನುವವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಹೆಂಡತಿಯ ಪ್ರಶ್ನೆ ಬೇರೆ: ‘ಹನ್ನೆರಡನೆಯದು ಯಾವಾಗ?’

ಈ ಚಟ ಹತ್ತಿದ್ದು ಅಂತರಘಟ್ಟೆ ಜಾತ್ರೆಯಲ್ಲಿ. ಅಲ್ಲಿನ ದೇವಿಗೆ ಕೈಮುಗಿದು, ಓಡಿಬರುವ ಪಾನಕದ ಎತ್ತಿನಗಾಡಿ ನೋಡಿ ಬರೋಣವೆಂದು ಹೋದವನು ನಾನು. ಹಳೇ ಸಾಮಾನಿನವನ ಗೋಣಿತಾಟಿನ ಮೇಲೆ, ಬೀಗ ಕಳಕೊಂಡ ಕೀಲಿಕೈಗಳ ನಡುವೆ ಒಂದು ಟ್ರಾನ್ಸಿಸ್ಟರ್ ಕೂತಿತ್ತು. ಅಪ್ಪನ ಸೆಟ್ಟಿನದೇ ಜಾತಿ! 1980ರ ದಶಕದಲ್ಲಿ ರದ್ದಾಗುವ ತನಕ ಅಪ್ಪ ವರ್ಷಾವರ್ಷ ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸ್ ಕಟ್ಟಿ, ಆ ಪುಸ್ತಕವನ್ನು ಬೀರುವಿನಲ್ಲಿಡುತ್ತಿದ್ದರು. ನನ್ನ ಮಾರ್ಕ್ಸ್‌ಕಾರ್ಡಿಗೆ ಆ ಮರ್ಯಾದೆ ಸಿಕ್ಕಿರಲಿಲ್ಲ.

ಸೆಲ್ ಹಾಕಿದರೆ ಗೊರ್ರೆಂದಿತು. ‘ಭದ್ರಾವತಿ ಹಾಕಿ’ ಎಂದರು ಯಾರೋ. 1965ರಿಂದ ಈ ಸೀಮೆಗೆಲ್ಲ ರೇಡಿಯೋ ಎಂದರೆ ಭದ್ರಾವತಿ ಆಕಾಶವಾಣಿಯೇ. ಮುಳ್ಳನ್ನು 675ರ ಹತ್ತಿರ ತಂದೆ. ಮತ್ತೆ ಗೊರ್. ಒಬ್ಬ ಹುಡುಗ ಆಂಟೆನಾವನ್ನು ಮೂರಡಿ ಎಳೆದ. ಅಲ್ಲಿಗೆ ನನ್ನ ಪಾಂಡಿತ್ಯ ಜಾಗೃತವಾಯಿತು. ‘ಅದು ಶಾರ್ಟ್‌ವೇವಿಗೆ ಮಾತ್ರ. ಮೀಡಿಯಂ ವೇವ್ ಹಿಡಿಯುವುದು ಒಳಗೆ ಅಡ್ಡ ಮಲಗಿರುವ ಫೆರೈಟ್ ಕಡ್ಡಿ. ಅದರ ತುದಿ ಸ್ಟೇಷನ್ನಿಗೆ ತಿರುಗಿದರೆ ಮುನಿಸು, ಮಗ್ಗುಲು ತಿರುಗಿದರೆ ಮಾತು.’

‘ಸರಿ, ಭದ್ರಾವತಿ ಯಾವ ಕಡೆ?’

ನಾಲ್ಕು ಜನ ಐದು ದಿಕ್ಕು ತೋರಿಸಿದರು. ಮಗಳನ್ನು ಭದ್ರಾವತಿಗೆ ಕೊಟ್ಟಿದ್ದ ಅಜ್ಜಿಯೊಬ್ಬರು ಮಾತ್ರ ತಡವರಿಸದೆ ಪಡುವಲಿಗೆ ಕೈ ಮಾಡಿದರು. ಸೆಟ್ಟನ್ನು ಎದೆಗಿಟ್ಟು ತಿರುಗಿದೆ. ಹೆಗಲಿಗೇರಿಸಿ ತಿರುಗಿದೆ. ತಲೆಯ ಮೇಲೆತ್ತಿ ತುಸು ವಾಲಿಸಿದ್ದೇ ತಡ, ಸ್ಪಷ್ಟವಾಗಿ ಒಂದು ಗಂಟಲು: ತೆಂಗಿನ ನುಸಿ! ತೊಟ್ಟಿನ ಬುಡದಲ್ಲಿ ಬಿಳಿಚಿದ ತ್ರಿಕೋನ ಮಚ್ಚೆ, ಆಮೇಲೆ ಅದು ಕಂದಾಗಿ ಬಿರಿಯುವುದು, ಕಾಯಿ ಬಡಕಲಾಗುವುದು. ಸುತ್ತ ನಿಂತವರೆಲ್ಲ ತೋಟದವರು. ಆ ಜಾತ್ರೆಯ ನಡುವೆ ಒಂದು ಮಾರಿನಷ್ಟು ಜಾಗ ನಿಶ್ಶಬ್ದವಾಯಿತು. ‘ಅಲ್ಲಾಡಬ್ಯಾಡಿ ಸ್ವಾಮಿ!’ ಅಲ್ಲಾಡಲಿಲ್ಲ. ಮೂಗು ತುರಿಸಿತು, ಸಹಿಸಿದೆ. ಕೈ ನಡುಗಿತು. ಒಬ್ಬಾತ ನನ್ನ ಮೊಣಕೈಗೆ ಊರುಗೋಲಾದ. ಗರುಡಗಂಬಕ್ಕೂ ನನಗೂ ವ್ಯತ್ಯಾಸ ಉಳಿಯಲಿಲ್ಲ. ‘ಇದಕ್ಕೆ ರೈತ ಬಾಂಧವರು ಮಾಡಬೇಕಾದದ್ದು ಇಷ್ಟೇ...’ ಎಂದಿತು ರೇಡಿಯೋ.

‘ಗಾಡಿ ಬಂತೋ!’

ಗೆಜ್ಜೆ, ಗೊರಸು, ಧೂಳು. ದಿಕ್ಕಾಪಾಲಾದೆವು. ಧೂಳು ಕೂತ ಮೇಲೆ ಮತ್ತೆ ಭದ್ರಾವತಿ ಹುಡುಕಿ ಹಿಡಿದರೆ ಚಿತ್ರಗೀತೆ! ನುಸಿ ತಂದವನೇ ನಾನೆಂಬಂತೆ ಎಲ್ಲರೂ ದುರುಗುಟ್ಟಿದರು. ಚೌಕಾಶಿ ಮಾಡುವಷ್ಟು ಹೊತ್ತು ಅಲ್ಲಿ ನಿಲ್ಲುವ ಧೈರ್ಯವಾಗಲಿಲ್ಲ. ಕೇಳಿದಷ್ಟು ಕೊಟ್ಟು ಬಂದೆ.

ಈಗ ಪೇಟೆಯ ಹೋಟೆಲುಗಳಲ್ಲಿ ಹಳೇ ರೇಡಿಯೋದ ಕರುಳು ಕಿತ್ತು, ಒಳಗೆ ಬಲ್ಬಿಟ್ಟು ಅಲಂಕಾರಕ್ಕಿಡುತ್ತಾರೆ. ಅಂಥಲ್ಲಿ ನನಗೆ ಕಾಫಿ ಇಳಿಯುವುದಿಲ್ಲ. ಮನೆಯಲ್ಲೂ ಬಲ್ಬೇ ಶತ್ರು. ಎಲ್‌ಇಡಿ, ಚಾರ್ಜರ್ ಉರಿಯುತ್ತಿದ್ದರೆ ರೇಡಿಯೋ ತುಂಬ ಗೊರಗೊರ. ಹಾಗಾಗಿ ಕರೆಂಟು ಹೋದರೆ ನನಗೆ ಹಬ್ಬ. ಕತ್ತಲಲ್ಲಿ ಕಿಟಕಿಗೆ ಮುಖ ಮಾಡಿ, ಸೆಟ್ ವಾಲಿಸಿ, ಉಸಿರು ಹಿಡಿದು ನಿಲ್ಲುತ್ತೇನೆ. ವಾರ್ತೆಯ ಹೊತ್ತಿಗೆ ಅಪ್ಪ ಹೀಗೇ ನಿಲ್ಲುತ್ತಿದ್ದರು. ಸಿಟ್ಟಿನಲ್ಲಿದ್ದಾರೆಂದು ನಾವು ಮಕ್ಕಳು ಹತ್ತಿರ ಸುಳಿಯುತ್ತಿರಲಿಲ್ಲ. ಪಾಪ, ಸ್ಟೇಷನ್ ಜಾರಬಾರದೆಂದು ನಿಂತಿದ್ದರು.

ಮರುವರ್ಷ ಜಾತ್ರೆಯಲ್ಲಿ, ಮೊಣಕೈ ಹಿಡಿದಿದ್ದಾತ ದೂರದಿಂದಲೇ ನನ್ನ ಗುರುತು ಹಿಡಿದ. ಕುಶಲ ಕೇಳಲಿಲ್ಲ.

‘ಇಷ್ಟೇ ಅಂದಿದ್ರಲ್ಲ ಸ್ವಾಮಿ, ಎಷ್ಟಂತೆ?’